ಹೊರನಾಡಿನ ಕನ್ನಡ ಆರಾಧನೆ: ಯಂತ್ರಕ್ಕಿಂತ ಮೊದಲು ಬೇಕು ಯೋಜನೆ

ಮುಂಬಯಿ, ಪುಣೆಯಂತಹ ನಗರಗಳಲ್ಲಿ ಸ್ವಂತ ದೇವಾಲಯವಿಲ್ಲದ ಕನ್ನಡ ಕ್ರೈಸ್ತ ಸಭೆಗಳಿಗೆ ರವಿವಾರ ಸಿಗುವುದು ಅಳತೆಯ ಸಮಯ. ಇಂಗ್ಲಿಷ್ ಅಥವಾ ಮರಾಠಿ ಸಭೆಯವರ ಆರಾಧನೆ ಮುಗಿದು ಬೆಂಚುಗಳು ಖಾಲಿಯಾಗುವುದರೊಳಗೆ ಇವರ ಕೀಬೋರ್ಡ್, ಮೈಕು, ಪ್ರೊಜೆಕ್ಟರ್ ಒಳಗೆ ಬರಬೇಕು. ದೂರದ ಉಪನಗರಗಳಿಂದ ಲೋಕಲ್ ರೈಲು ಹಿಡಿದು ಬಂದವರು ಕುಳಿತಾಗಿರುತ್ತದೆ, ಪರದೆಯ ಮೇಲೆ ಮಾತ್ರ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕುಣಿಯುತ್ತಿರುತ್ತವೆ. ಸಾವಿರಾರು ರೂಪಾಯಿ ಸುರಿದು ಸಲಕರಣೆ ಕೊಂಡ ಮೇಲೂ ಇಂತಹ ಪೇಚು ತಪ್ಪದಿರುವುದಕ್ಕೆ ಕಾರಣ, ಅದನ್ನು ಯಾರಿಗಾಗಿ ಕೊಳ್ಳುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದಿರುವುದು.

ಹಾಗೆ ನೋಡಿದರೆ ಕನ್ನಡ ಕ್ರೈಸ್ತ ಸಮಾಜಕ್ಕೆ ತಂತ್ರಜ್ಞಾನ ಹೊಸದೇನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯ ಸ್ಥಾಪಿಸಿದರು. ಆ ಯಂತ್ರವನ್ನು ಗಾಟ್‌ಫ್ರೀಡ್ ವೈಗ್ಲೆ ತಂದದ್ದು ಇದೇ ಮುಂಬಯಿಯಿಂದ. ಜತೆಯಲ್ಲಿ ಮರಾಠಿ ಮುದ್ರಣಕಾರರೂ ಹೋಗಿದ್ದರು. ಎರಡೇ ವರ್ಷದಲ್ಲಿ, 1843ರ ಜುಲೈ 1ರಂದು, ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯಾಗಿ ಹೊರಬಂತು. ಓದುಗರು ಯಾರು, ಅವರಿಗೆ ಯಾವ ಲಿಪಿ, ಯಾವ ಮಾತು ಬೇಕು ಎಂದು ಯೋಚಿಸಿ ಯಂತ್ರವನ್ನು ದುಡಿಸಿಕೊಂಡ ಪರಂಪರೆ ಇದು.

ಇಂದಿನ ಹೊರನಾಡಿನ ಸಭೆಗೂ ಮುಖ್ಯವಾದುದು ಲಿಪಿಯ ಪ್ರಶ್ನೆಯೇ. ಅಜ್ಜ-ಅಜ್ಜಿಯರಿಗೆ ಕನ್ನಡ ಗೀತೆಗಳು ಬಾಯಿಪಾಠ. ಮಕ್ಕಳು ಮನೆಯಲ್ಲಿ ಕನ್ನಡವೋ ತುಳುವೋ ಮಾತನಾಡುತ್ತಾರೆ, ಶಾಲೆಯಲ್ಲಿ ಕಲಿತ ಅಕ್ಷರ ಮಾತ್ರ ದೇವನಾಗರಿ ಮತ್ತು ಇಂಗ್ಲಿಷ್. ಗೀತೆ ಪುಸ್ತಕ ಕೈಯಲ್ಲಿದ್ದರೂ ಅವರು ಸುಮ್ಮನೆ ನಿಲ್ಲುವುದು ಭಕ್ತಿಯ ಕೊರತೆಯಿಂದಲ್ಲ, ಓದಲು ಬಾರದ್ದರಿಂದ. ಅಂಥವರಿಗೆ ಪರದೆ ನಿಜಕ್ಕೂ ವರದಾನ. ಮೇಲೆ ಕನ್ನಡ ಲಿಪಿಯಲ್ಲಿ ಎರಡು ಸಾಲು, ಕೆಳಗೆ ಅದೇ ಸಾಲು ದೇವನಾಗರಿಯಲ್ಲಿ ಹಾಕಿದರೆ ಮೂರು ತಲೆಮಾರು ಒಟ್ಟಿಗೆ ಹಾಡಬಹುದು, ಮಕ್ಕಳ ಕಣ್ಣಿಗೆ ಕನ್ನಡ ಅಕ್ಷರವೂ ವಾರವಾರ ಬೀಳುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ತೋರಿಸಿ ಕೈತೊಳೆದುಕೊಂಡರೆ ಆ ಅವಕಾಶ ಹೋದಂತೆಯೇ. ಮಂಗಳೂರು ಮೂಲದ ಕೊಂಕಣಿ ಕೆಥೋಲಿಕರಿಗೂ ಇದು ಪರಿಚಿತ ಸಮಸ್ಯೆ: ಹಿರಿಯರು ಓದುವುದು ಕನ್ನಡ ಲಿಪಿಯ ಕೊಂಕಣಿ, ಪಕ್ಕದ ಬೆಂಚಿನ ಗೋವಾದವರು ಓದುವುದು ರೋಮನ್ ಲಿಪಿಯದ್ದು.

ದೇವನಾಗರಿಗೆ ಇಳಿಸುವಾಗ ಒಂದು ಎಚ್ಚರ ಅಗತ್ಯ. ಮರಾಠಿಯಲ್ಲಿ ಳಕಾರವಿದೆ, ಅದರ ಚಿಂತೆಯಿಲ್ಲ. ಆದರೆ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘ ಭೇದ ಮಕ್ಕಳಿಗೆ ಗೊತ್ತಿರುವ ದೇವನಾಗರಿಯಲ್ಲಿಲ್ಲ. ಪ್ರಾರ್ಥನೆಯ ‘ಕೊಡು’ ಎಂಬುದು ‘ಕೋಡು’ ಆಗಿ, ದೇವರಲ್ಲಿ ಕೊಂಬು ಬೇಡಿದಂತಾಗುತ್ತದೆ! ಭಾನುವಾರ ಶಾಲೆಯಲ್ಲಿ ಮುಂಚಿತವಾಗಿ ಒಮ್ಮೆ ಹಾಡಿಸಿದರೆ ಇದು ಸರಿಹೋಗುತ್ತದೆ.

ಇನ್ನು ಪರದೆಯ ಮೇಲೆ ಚಿಹ್ನೆಗಳು ಕುಣಿಯುವ ವಿಚಾರ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪು ಮಾಡಿಟ್ಟ ಗೀತೆಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲು ಬಾರವು. ಸಭೆಯ ಹಳೆಯ ಕಡತಗಳನ್ನು ಒಮ್ಮೆ ಕುಳಿತು ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ ಇಡುವುದೇ ಶಾಶ್ವತ ಪರಿಹಾರ. ಬೇಸರದ ಕೆಲಸ ನಿಜ, ಯುವಜನ ಸಂಘದವರೂ ಒಬ್ಬ ಹಿರಿಯರೂ ಸೇರಿದರೆ ಕೆಲವು ಶನಿವಾರಗಳಲ್ಲಿ ಮುಗಿಯುವಂಥದ್ದು. ಅಲ್ಲಿಯ ತನಕ ಆ ವಾರದ ಗೀತೆಗಳನ್ನು ಪಿಡಿಎಫ್ ಮಾಡಿ ಒಯ್ದರೆ ಅಕ್ಷರ ಕೆಡದು. ಗೀತೆ, ವಚನ ತೋರಿಸಲು ಓಪನ್‌ಎಲ್‌ಪಿಯಂತಹ ಉಚಿತ ತಂತ್ರಾಂಶವಿದೆ. ಕನ್ನಡಕ್ಕೆ ಒತ್ತಕ್ಷರವಿರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಹಿಂದಿನ ಬೆಂಚಿನಲ್ಲಿ ಕುಳಿತು ಓದಿ ನೋಡದೆ ಅಕ್ಷರದ ಗಾತ್ರ ನಿಶ್ಚಯಿಸುವುದು ವ್ಯರ್ಥ.

ಪರದೆಗಿಂತಲೂ ಮೊದಲು ಹಣ ಹಾಕಬೇಕಾದುದು ಧ್ವನಿಗೆ. ಎತ್ತರದ ಛಾವಣಿಯ ಹಳೆಯ ಕಲ್ಲಿನ ಚರ್ಚುಗಳಲ್ಲಿ ಮಾತು ಗೋಡೆಗಳಿಗೆ ಬಡಿದು ಮರಳುತ್ತದೆ. ಧ್ವನಿ ಏರಿಸಿದಷ್ಟೂ ಪ್ರಸಂಗ ಕಲಸಿಹೋಗುತ್ತದೆ. ದೊಡ್ಡ ಸ್ಪೀಕರ್ ಎರಡನ್ನು ಮುಂದೆ ನಿಲ್ಲಿಸಿ ಅಬ್ಬರಿಸುವ ಬದಲು ಸಣ್ಣ ಸ್ಪೀಕರುಗಳನ್ನು ಜನರ ಹತ್ತಿರ ಇಟ್ಟು ಕಡಿಮೆ ಧ್ವನಿಯಲ್ಲಿ ನುಡಿಸಿದರೆ ಸ್ಪಷ್ಟತೆ ಹೆಚ್ಚು. ‘ಹಲೋ, ಹಲೋ, ಒಂದು-ಎರಡು’ ಎಂಬ ಪರೀಕ್ಷೆಯಿಂದ ಏನೂ ತಿಳಿಯದು. ಅಂದಿನ ಬೈಬಲ್ ಪಾಠ ಓದುವವರನ್ನೇ ಮೈಕಿನ ಮುಂದೆ ನಿಲ್ಲಿಸಿ ನಾಲ್ಕು ವಚನ ಓದಿಸಬೇಕು. ಕಿವಿ ಮಂದವಾದ ಹಿರಿಯರು ಹಿಂದೆ ಕುಳಿತು ಕೇಳಿಸಿತು ಎಂದರೆ ವ್ಯವಸ್ಥೆ ಸರಿಯಿದೆ ಎಂದರ್ಥ.

ನೇರ ಪ್ರಸಾರ ಮನೆಮಾತಾದದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು, ಏಪ್ರಿಲ್ 12ರ ಈಸ್ಟರ್ ಮೊಬೈಲಿನಲ್ಲೇ ಆಯಿತು. ಮಹಾರಾಷ್ಟ್ರದಲ್ಲಿ ಆರಾಧನಾ ಮಂದಿರಗಳು ಅದೇ ವರ್ಷ ನವೆಂಬರ್ 16ರಂದು ತೆರೆದು, ಎರಡನೇ ಅಲೆಯಲ್ಲಿ ಮತ್ತೆ ಮುಚ್ಚಿ, 2021ರ ಅಕ್ಟೋಬರ್ 7ರಂದು ಪುನಃ ತೆರೆದವು. ಬಾಗಿಲು ತೆರೆದ ಮೇಲೂ ಕ್ಯಾಮೆರಾ ಉಳಿದಿದ್ದರೆ ಅದು ಯಾರಿಗಾಗಿ? ಹಾಸಿಗೆ ಹಿಡಿದವರಿಗೆ, ಲಿಫ್ಟ್ ಇಲ್ಲದ ಕಟ್ಟಡದಿಂದ ಇಳಿಯಲಾರದ ವೃದ್ಧರಿಗೆ, ರವಿವಾರವೂ ಪಾಳಿ ಇರುವ ನರ್ಸ್ ಸಹೋದರಿಯರಿಗೆ, ಊರಿನಲ್ಲಿರುವ ತಂದೆ-ತಾಯಿಗೆ. ಇವರ ಪಟ್ಟಿಯೊಂದನ್ನು ಸಭಾಪಾಲಕರು ಇಟ್ಟುಕೊಂಡು ವಾರದ ನಡುವೆ ಫೋನು ಮಾಡಿ ವಿಚಾರಿಸಿದರೆ ಪ್ರಸಾರವು ಸೇವೆಯೆನಿಸುತ್ತದೆ. ವೀಕ್ಷಕರ ಸಂಖ್ಯೆ ಎಣಿಸುತ್ತ ಕೂರುವುದರಲ್ಲಿ ಹುರುಳಿಲ್ಲ.

ತಾಂತ್ರಿಕವಾಗಿ ಸ್ಟ್ಯಾಂಡಿನ ಮೇಲಿಟ್ಟ ಒಂದು ಒಳ್ಳೆಯ ಮೊಬೈಲು ಆರಂಭಕ್ಕೆ ಸಾಕು, ಅದಕ್ಕೆ ಮಿಕ್ಸರಿನಿಂದ ನೇರವಾಗಿ ಧ್ವನಿ ಕೊಡಬೇಕಷ್ಟೆ. ಯೂಟ್ಯೂಬ್‌ನಲ್ಲಿ ಮೊದಲ ಬಾರಿ ನೇರ ಪ್ರಸಾರದ ಸೌಲಭ್ಯ ಚಾಲೂ ಆಗಲು 24 ಗಂಟೆ ಹಿಡಿಯಬಹುದು. ಕ್ರಿಸ್ಮಸ್ ದಿನ ಬೆಳಿಗ್ಗೆ ಖಾತೆ ತೆರೆದವರಿಗೆ ನಿರಾಶೆ ಖಂಡಿತ. ಝೂಮ್‌ನ ಉಚಿತ ಖಾತೆಯಲ್ಲಿ ಪ್ರಾರ್ಥನಾ ಕೂಟ 40 ನಿಮಿಷಕ್ಕೆ ಕಡಿದುಹೋಗುತ್ತದೆ ಎಂಬುದು ದೀರ್ಘ ಪ್ರಾರ್ಥನೆ ಮಾಡುವವರಿಗೆ ಚೆನ್ನಾಗಿ ಗೊತ್ತು.

ಹಾಡಿನ ಹಕ್ಕುಗಳ ಬಗ್ಗೆಯೂ ತಿಳಿದಿರುವುದು ಒಳ್ಳೆಯದು. ನಮ್ಮ ದೇಶದಲ್ಲಿ ರಚನೆಯ ಹಕ್ಕು ಕವಿಯ ಮರಣಾನಂತರ 60 ವರ್ಷ ಇರುತ್ತದೆ. ಹತ್ತೊಂಬತ್ತನೇ ಶತಮಾನದ ಮಿಶನರಿಗಳ ಗೀತೆಗಳಿಗೆ ಆ ತೊಡಕಿಲ್ಲ, ಇತ್ತೀಚಿನ ಕ್ಯಾಸೆಟ್, ಸಿಡಿ ಗೀತೆಗಳಿಗೆ ಇದೆ. ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ಸಮಾರಂಭದಲ್ಲಿ ಹಾಡುವುದಕ್ಕೆ ವಿನಾಯಿತಿ ನೀಡಿದೆ. ಅದೇ ಹಾಡನ್ನು ಪುಸ್ತಕವಾಗಿ ಅಚ್ಚು ಹಾಕುವುದಕ್ಕೂ ವೀಡಿಯೋ ಮಾಡಿ ಜಾಲತಾಣದಲ್ಲಿ ಇರಿಸುವುದಕ್ಕೂ ಆ ವಿನಾಯಿತಿ ಸಾಲುತ್ತದೆಂದು ಭಾವಿಸುವಂತಿಲ್ಲ.

ಇದಕ್ಕಿಂತ ನಾಜೂಕಿನದು ಜನರ ಖಾಸಗಿತನ. ಕಾಯಿಲೆಗಾಗಿ, ಮಗಳ ಮದುವೆಗಾಗಿ, ಸಾಲಕ್ಕಾಗಿ ಪ್ರಾರ್ಥನೆ ಕೋರುವುದು ಸಭೆಯೊಳಗಿನ ವಿಶ್ವಾಸದಿಂದ. ನೇರ ಪ್ರಸಾರದಲ್ಲಿ ಹೆಸರು ಹೇಳಿ ಪ್ರಾರ್ಥಿಸಿದರೆ ಆ ಮಾತು ಊರು ದಾಟುತ್ತದೆ. ಆ ಭಾಗದಲ್ಲಿ ಧ್ವನಿ ನಿಲ್ಲಿಸುವುದು, ಮಕ್ಕಳ ಮುಖ ತೋರಿಸುವ ಮುನ್ನ ಹೆತ್ತವರನ್ನು ಕೇಳುವುದು, ಶವಸಂಸ್ಕಾರದ ಪ್ರಸಾರಕ್ಕೆ ಮನೆಯವರ ಒಪ್ಪಿಗೆ ಪಡೆಯುವುದು ಕಡ್ಡಾಯವಾಗಬೇಕು. ಕಾಣಿಕೆಯ ಕ್ಯೂಆರ್ ಚೀಟಿ ಸಭೆಯ ಬ್ಯಾಂಕ್ ಖಾತೆಯದ್ದೇ ಇರಬೇಕು, ಅದರ ಮೇಲೆ ಬೇರೆ ಚೀಟಿ ಅಂಟಿಲ್ಲವೆಂದು ಖಜಾಂಚಿ ಪ್ರತಿ ವಾರ ನೋಡಬೇಕು. ತಟ್ಟೆಗೆ ನೋಟು ಹಾಕುವವರಿಗೆ ಮುಜುಗರವಾಗದಂತೆ ತಟ್ಟೆಯೂ ತಿರುಗಲಿ.

ಕೊನೆಗೆ ಆಳುಗಳ ಮಾತು. ಎಲ್ಲ ಪಾಸ್‌ವರ್ಡ್ ಒಬ್ಬನೇ ಹುಡುಗನ ಕೈಯಲ್ಲಿದ್ದು, ಅವನಿಗೆ ಬೆಂಗಳೂರಿಗೋ ದುಬೈಗೋ ಕೆಲಸ ಸಿಕ್ಕಿದ ದಿನ ಸಭೆಯ ಚಾನೆಲ್ಲೂ ಅವನೊಂದಿಗೆ ಹೋದಂತೆ. ಕನಿಷ್ಠ ಇಬ್ಬರು, ಅವರಲ್ಲಿ ಒಬ್ಬರು ಸ್ತ್ರೀ ಸಮಾಜದವರಾದರೆ ಇನ್ನೂ ಉತ್ತಮ, ಕಲಿತಿರಬೇಕು. ಯಾವ ತಂತಿ ಎಲ್ಲಿಗೆ ಎಂಬುದನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿರಬೇಕು. ಗೀತೆಗಳ ಪಟ್ಟಿ ಗುರುವಾರದೊಳಗೆ ಅವರ ಕೈಸೇರಬೇಕು. ಗೀತೆ ಪುಸ್ತಕಗಳನ್ನಂತೂ ಕಪಾಟಿನಲ್ಲಿ ಬೀಗ ಹಾಕಿ ಇಡುವುದು ಬೇಡ. 2020ರ ಅಕ್ಟೋಬರ್ 12ರಂದು ಮುಂಬಯಿಯಲ್ಲೇ ಗಂಟೆಗಟ್ಟಲೆ ಕರೆಂಟು ಹೋಗಿತ್ತು. ಅಂದು ಸೋಮವಾರವಾಗಿತ್ತು, ಅಷ್ಟೇ.