ಆ ಮಾಸಲು ಬಿಳಿ ಕಾಳು ಪ್ಲಾಸ್ಟಿಕ್ ಅಲ್ಲ

ನ್ಯಾಯಬೆಲೆ ಅಂಗಡಿಯಿಂದ ತಂದ ಅಕ್ಕಿಯನ್ನು ಮೊರಕ್ಕೆ ಸುರಿದು ಹಸನು ಮಾಡುವಾಗ ನಡುನಡುವೆ ಕೆಲವು ಕಾಳು ಬೇರೆಯಾಗಿಯೇ ಕಾಣುತ್ತವೆ. ಮಾಸಲು ಬಿಳಿ ಬಣ್ಣ, ಎಲ್ಲವೂ ಒಂದೇ ಅಳತೆ, ಹೊಳಪಿಲ್ಲ. ನೀರಿಗೆ ಹಾಕಿದರೆ ಕೆಲವು ತೇಲುತ್ತವೆ. “ಯವ್ವಾ, ಇವು ಪ್ಲಾಸ್ಟಿಕ್ ಅಕ್ಕಿ ಅದಾವ, ಆರಿಸಿ ಒಗಿ” ಎಂಬ ಮಾತು ಹುಟ್ಟುವುದು ಅಲ್ಲೇ. ಹಾಗೆ ಒಗೆದಾಗ ತಿಪ್ಪೆ ಸೇರುವುದು ಕಬ್ಬಿಣದ ಅಂಶ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಾಗಾಗಿ ಈ ಕಾಳಿನ ಹುಟ್ಟನ್ನು ಸರಿಯಾಗಿ ತಿಳಿಯಬೇಕು.

ಇದು ಸಾರವರ್ಧಿತ ಅಕ್ಕಿಯ ಕಾಳು. ಪಡಿತರ ಅಕ್ಕಿಗೆ ಇದನ್ನು ಬೆರೆಸುವ ಯೋಜನೆ 2022–23ರಲ್ಲಿ ಹಿಂದುಳಿದ, ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳನ್ನು ಮೊದಲು ಆರಿಸಿಕೊಂಡಿತು. ಅಂಥ ಹಿಂದುಳಿದ ಜಿಲ್ಲೆಗಳನ್ನು ಗುರುತಿಸುವ ಕೇಂದ್ರದ ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳ ಪಟ್ಟಿಯಲ್ಲಿ ರಾಯಚೂರೂ ಇದೆ.

ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಭತ್ತ, ಭತ್ತ ಇದ್ದಲ್ಲೆಲ್ಲ ರೈಸ್ ಮಿಲ್ಲು. ಸಿಂಧನೂರಿನವರಿಗೆ ನುಚ್ಚು ಎಂದರೆ ಬಿಡಿಸಿ ಹೇಳಬೇಕಿಲ್ಲ. ಈ ಕಾಳಿನ ಮೂಲವಸ್ತು ಅದೇ ನುಚ್ಚು. ನುಚ್ಚನ್ನು ಹಿಟ್ಟು ಮಾಡಿ, ಕಬ್ಬಿಣದ ಲವಣ, ಫೋಲಿಕ್ ಆಮ್ಲ, ಬಿ12 ಜೀವಸತ್ವದ ಪುಡಿ ಬೆರೆಸಿ, ನೀರು ಹಾಕಿ ನಾದುತ್ತಾರೆ. ಆ ಕಣಕ ಎಕ್ಸ್‌ಟ್ರೂಡರ್ ಎಂಬ ಯಂತ್ರಕ್ಕೆ ಹೋಗುತ್ತದೆ. ಉದ್ದನೆಯ ಉಕ್ಕಿನ ಕೊಳವೆಯೊಳಗೆ ಎರಡು ತಿರುಪುಗಳು ಒಂದಕ್ಕೊಂದು ಹೆಣೆದುಕೊಂಡು ತಿರುಗುತ್ತ ಕಣಕವನ್ನು ಮುಂದೆ ಮುಂದೆ ತಳ್ಳುತ್ತವೆ. ಕೊಳವೆಯನ್ನು ಹೊರಗಿನಿಂದ ಕಾಯಿಸಿರುತ್ತಾರೆ. ಶಾಖ ಸುಮಾರು 70ರಿಂದ 110 ಡಿಗ್ರಿ ಸೆಲ್ಸಿಯಸ್. ಆ ಶಾಖ, ಒತ್ತಡ, ತೇವ ಮೂರೂ ಸೇರಿದಾಗ ಹಿಟ್ಟಿನ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಕೊನೆಯಲ್ಲಿರುವ ಅಚ್ಚಿಗೆ ಅಕ್ಕಿಕಾಳಿನಾಕಾರದ ಸಣ್ಣ ತೂತುಗಳಿವೆ. ಶಾವಿಗೆ ಒತ್ತಿದಂತೆ ಕಣಕ ಅಲ್ಲಿಂದ ಹೊರಬರುತ್ತದೆ, ಅಚ್ಚಿಗೆ ತಾಗಿಯೇ ತಿರುಗುವ ಕತ್ತಿ ಅದನ್ನು ಕಾಳು ಕಾಳಾಗಿ ಕತ್ತರಿಸುತ್ತದೆ. ಎಲ್ಲವೂ ಒಂದೇ ಅಳತೆಯಲ್ಲಿರುವುದು ಈ ಕತ್ತಿಯಿಂದ. ಕೆಲವು ತೇಲುವುದು ಒಣಗುವಾಗ ಒಳಗುಳಿದ ಗಾಳಿಯ ಪೊಳ್ಳಿನಿಂದ. ಒಣಗಿಸಿದ ಮೇಲೆ ಮಿಲ್ಲಿನಲ್ಲಿ ನೂರು ಪಾಲು ಅಕ್ಕಿಗೆ ಒಂದು ಪಾಲು ಈ ಕಾಳನ್ನು ಬೆರೆಸುತ್ತಾರೆ.

ಇನ್ನು ಈ ಕಾಳಿಗೆ ಬೆರೆಸುವ ವಸ್ತುಗಳ ಹೆಸರುಗಳು. ಫೆರಿಕ್ ಪೈರೋಫಾಸ್ಫೇಟ್, ಸಯನೋಕೋಬಾಲಮಿನ್: ಇವನ್ನು ಓದಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. 1997ರಲ್ಲಿ ಅಮೆರಿಕದ ಐಡಹೊ ರಾಜ್ಯದಲ್ಲಿ ನೇಥನ್ ಜೋನರ್ ಎಂಬ 14ರ ಹುಡುಗ ಇದೇ ಭಯವನ್ನು ವಿಜ್ಞಾನ ಮೇಳಕ್ಕಾಗಿ ಅಳೆದು ನೋಡಿದ್ದ. ಡೈಹೈಡ್ರೋಜನ್ ಮೊನಾಕ್ಸೈಡ್ ಎಂಬ ರಾಸಾಯನಿಕವಿದೆ, ಅದು ಶ್ವಾಸಕೋಶಕ್ಕೆ ಹೋದರೆ ಸಾವು, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಆಮ್ಲಮಳೆಯಲ್ಲಿದೆ, ಕ್ಯಾನ್ಸರ್ ಗಡ್ಡೆಯಲ್ಲೂ ಸಿಗುತ್ತದೆ ಎಂದು ಹೇಳಿ, ನಿಷೇಧಿಸಬೇಕೇ ಎಂದು 50 ವಿದ್ಯಾರ್ಥಿಗಳನ್ನು ಕೇಳಿದ. 43 ಮಂದಿ ಹೌದೆಂದರು. ಅದು ನೀರು! ಎರಡು ಹೈಡ್ರೋಜನ್, ಒಂದು ಆಮ್ಲಜನಕ. ಹುಡುಗ ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಪರಿಚಿತ ಹೆಸರನ್ನೂ ‘ಎಷ್ಟು’ ಎಂಬ ಲೆಕ್ಕವನ್ನೂ ಬಿಟ್ಟಿದ್ದ, ಅಷ್ಟೇ.

ಆ ‘ಎಷ್ಟು’ ಎಂಬ ಪ್ರಶ್ನೆಯನ್ನು ನಮ್ಮ ಅಕ್ಕಿಗೂ ಕೇಳೋಣ. ಸಯನೋಕೋಬಾಲಮಿನ್ ಎಂದರೆ ಬಿ12. ಹೆಸರಿನ ಮೊದಲ ಭಾಗ ಸಯನೈಡಿನದೇ ಹೌದು. ಆ ಅಣುವಿನ ತೂಕದಲ್ಲಿ ಶೇ 2ರಷ್ಟು ಅದೇ ಇದೆ. ಆದರೆ ಒಂದು ಕಿಲೋ ಸಾರವರ್ಧಿತ ಅಕ್ಕಿಯಲ್ಲಿ ಬಿ12 ಇರುವುದು 0.75ರಿಂದ 1.25 ಮೈಕ್ರೋಗ್ರಾಂ. ಲೆಕ್ಕ ಹಾಕಿದರೆ ಒಂದು ಮಿಲಿಗ್ರಾಂ ಸಯನೈಡ್ ಹೊಟ್ಟೆಗೆ ಹೋಗಲು ಸುಮಾರು 500 ಕ್ವಿಂಟಲ್ ಅಕ್ಕಿ ಉಣ್ಣಬೇಕು. ಒಂದು ಮಿಲಿಗ್ರಾಂ ಕೂಡ ಜೀವ ತೆಗೆಯುವ ಪ್ರಮಾಣವಲ್ಲ.

ನಿಜವಾದ ಸಯನೈಡ್ ನಮ್ಮ ಹೊಲದಲ್ಲೇ ಇದೆ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಕೂಳೆಯಿಂದ ಮತ್ತೆ ಚಿಗುರಿದ ಜೋಳ ಮೇದು ದನ ಒದ್ದಾಡಿ ಸಾಯುವುದುಂಟು. ಆ ಚಿಗುರಿನಲ್ಲಿರುವ ಧುರಿನ್ ಎಂಬ ವಸ್ತು ದನ ಅಗಿದಾಗ ಒಡೆದು ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಬೆಳೆ ಬಲಿತಂತೆ ಅದು ಕಡಿಮೆಯಾಗುತ್ತದೆ, ರೊಟ್ಟಿಯ ಜೋಳಕ್ಕೆ ಆ ಕಾಟವಿಲ್ಲ. ಅನುಭವಸ್ಥ ರೈತರು ಎಳೆ ಜೋಳಕ್ಕೆ ದನ ಬಿಡದಿರುವುದು ರಸಾಯನಶಾಸ್ತ್ರ ಓದಿಯಲ್ಲ. ಯಾವಾಗ, ಎಷ್ಟು ಎಂಬುದು ಗೊತ್ತಿರುವುದರಿಂದ. ಆ ತಿಳಿವಳಿಕೆ ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ.

ಫೆರಿಕ್ ಪೈರೋಫಾಸ್ಫೇಟ್ ಕಬ್ಬಿಣದ ಒಂದು ಲವಣ. ಬಣ್ಣದಲ್ಲಿ ಬಿಳಿಚು, ನೀರಿನಲ್ಲಿ ಕರಗುವುದು ತೀರ ಕಡಿಮೆ. ಅನ್ನದ ಬಣ್ಣ, ರುಚಿ ಕೆಡದಿರಲೆಂದೇ ಇದನ್ನು ಆರಿಸಿದ್ದು. ಒಂದು ಕಿಲೋ ಅಕ್ಕಿಗೆ ಕಬ್ಬಿಣ 28ರಿಂದ 42.5 ಮಿಲಿಗ್ರಾಂ.

ಹಾಗೆಂದು ಈ ಅಕ್ಕಿಯ ಬಗ್ಗೆ ಪ್ರಶ್ನೆಯೇ ಬೇಡ ಎಂದು ನಾನು ಹೇಳುವುದಿಲ್ಲ. ಥಲಸ್ಸೇಮಿಯಾ ಇರುವವರ ದೇಹದಲ್ಲಿ ಕಬ್ಬಿಣ ಹೆಚ್ಚಾಗಿ ಕೂಡಿಕೊಳ್ಳುವ ಅಪಾಯವಿದೆ. ಅವರು ವೈದ್ಯರನ್ನು ಕೇಳಿಯೇ ಉಣ್ಣಬೇಕು. ಅಕ್ಕಿಗೆ ಕಬ್ಬಿಣ ಬೆರೆಸುವುದರಿಂದ ರಕ್ತಹೀನತೆಯ ಅಪಾಯ ಹೆಚ್ಚೇನೂ ತಗ್ಗದೇ ಇರಬಹುದು ಎಂದು 2019ರ ಕಾಕ್ರೇನ್ ಪರಾಮರ್ಶೆ ಹೇಳಿದೆ. ಸೊಪ್ಪು, ಕಾಳು, ಮೊಟ್ಟೆ ತಟ್ಟೆಗೆ ಬರದೆ ಅಕ್ಕಿಯೊಂದೇ ಎಲ್ಲವನ್ನೂ ಸರಿಮಾಡುತ್ತದೆಯೇ? ಊರಿನ ಸಭೆಗಳಲ್ಲಿ ಏಳಬೇಕಾದ ಪ್ರಶ್ನೆ ಇದು. ಪ್ಲಾಸ್ಟಿಕ್ ಎಂಬ ಗದ್ದಲದಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ.

ಇನ್ನೂ ಅನುಮಾನವಿದ್ದರೆ ತೇಲಿಸಿ ನೋಡಬೇಡಿ, ಅನ್ನದ ಉಂಡೆ ಮಾಡಿ ನೆಲಕ್ಕೆ ಎಸೆದೂ ನೋಡಬೇಡಿ. ಜಿಗುಟು ಅನ್ನದ ಉಂಡೆ ಯಾವ ಅಕ್ಕಿಯದಾದರೂ ಪುಟಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಟಿಂಚರ್ ಅಯೋಡಿನ್ ತನ್ನಿ. ಆರಿಸಿಟ್ಟ ನಾಲ್ಕು ಕಾಳನ್ನು ಬೇಯಿಸಿ, ಹಿಸುಕಿ, ಆರಿದ ಮೇಲೆ ಒಂದು ಹನಿ ಬಿಡಿ. ಪಿಷ್ಟವಾದರೆ ಕಡುನೀಲಿ, ಹೆಚ್ಚುಕಡಿಮೆ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಪ್ಲಾಸ್ಟಿಕ್ ಆದರೆ ಅಯೋಡಿನ್ನಿನ ಕಂದು ಬಣ್ಣವೇ ಉಳಿಯುತ್ತದೆ. ಪರೀಕ್ಷೆ ಮಾಡಿದ ಕಾಳನ್ನು ಚೆಲ್ಲಿ, ಉಳಿದ ಅಕ್ಕಿಯನ್ನು ಎಂದಿನಂತೆ ತೊಳೆದು ಒಲೆಗಿಡಿ. ಗಂಜಿ ಬಸಿಯುವ ರೂಢಿಯಿದ್ದರೆ ಬಸಿದದ್ದನ್ನು ಚೆಲ್ಲಬೇಡಿ, ಬಿ12 ಮತ್ತು ಫೋಲಿಕ್ ಆಮ್ಲದ ಒಂದಷ್ಟು ಪಾಲು ಅದರಲ್ಲಿ ಇಳಿದಿರುತ್ತದೆ.