ವಿಳಾಸವಿಲ್ಲದ ರಹಸ್ಯ ಸಂಘ

ಜರ್ಮನಿಯ ಕಾಸೆಲ್ ಪಟ್ಟಣದಲ್ಲಿ 1614ರಲ್ಲಿ ಅಚ್ಚಾದ ‘ಫಾಮಾ ಫ್ರಾಟರ್ನಿಟಾಟಿಸ್’ ಎಂಬ ಪುಸ್ತಿಕೆಗೆ ಲೇಖಕರ ಹೆಸರಿರಲಿಲ್ಲ. ಅರಬ್ಬರ ನಾಡು ಸುತ್ತಿ ಗುಪ್ತವಿದ್ಯೆ ಕಲಿತು ಬಂದ ಒಬ್ಬ ಮಹಾನುಭಾವ ಕಟ್ಟಿದ ‘ಗುಲಾಬಿ ಶಿಲುಬೆ’ಯ ಸೋದರ ಸಂಘದ ಕಥೆ ಅದರಲ್ಲಿತ್ತು.

ಕಥೆಯ ಸೊಗಸೆಲ್ಲ ಸಮಾಧಿಯ ಪ್ರಸಂಗದಲ್ಲಿದೆ. ಕಟ್ಟಡ ದುರಸ್ತಿ ಮಾಡಿಸುತ್ತಿದ್ದ ಸೋದರನೊಬ್ಬ ಹಿತ್ತಾಳೆ ಫಲಕದ ಮೊಳೆ ಕೀಳುತ್ತಾನೆ. ಗಾರೆಯ ಜೊತೆ ಕಲ್ಲೊಂದು ಕಿತ್ತು ಬರುತ್ತದೆ, ಹಿಂದೆ ಬಾಗಿಲು! ‘120 ವರ್ಷಗಳ ನಂತರ ತೆರೆದುಕೊಳ್ಳುತ್ತೇನೆ’ ಎಂಬರ್ಥದ ಬರಹ ಬೇರೆ. ಒಳಗೆ ಏಳು ಗೋಡೆಗಳ ಕೋಣೆ. ಸೂರ್ಯನ ಬಿಸಿಲು ಸೋಕದಿದ್ದರೂ ಬೆಳಕು. ನಡುವಿನ ಪೀಠದಡಿ ಕೊಳೆಯದೆ ಉಳಿದ ಗುರುವಿನ ದೇಹ.

ಸಂಘದ ನಿಯಮಗಳು ಮಾತ್ರ ಸರಳ. ರೋಗಿಗಳಿಗೆ ಪುಕ್ಕಟೆ ಚಿಕಿತ್ಸೆ, ಇದ್ದ ಊರಿನವರಂತೆಯೇ ಉಡುಪು, ನೂರು ವರ್ಷ ಗುಟ್ಟು. ಚಿನ್ನ ಮಾಡುವ ಹುಚ್ಚನ್ನಂತೂ ಪುಸ್ತಿಕೆ ಬೈದೇ ಬೈಯುತ್ತದೆ. ಆದರೂ ಅದಕ್ಕೆ ಮುಗಿಬಿದ್ದವರಲ್ಲಿ ರಸವಾದಿಗಳೇನೂ ಕಡಿಮೆಯಿರಲಿಲ್ಲ!

ಸೇರುವುದಾದರೂ ಎಲ್ಲಿ? ವಿಳಾಸವೇ ಇಲ್ಲ. ನಿಮ್ಮ ಅಭಿಪ್ರಾಯ ಅಚ್ಚು ಹಾಕಿಸಿ, ನಾವೇ ಹುಡುಕಿ ಬರುತ್ತೇವೆ ಎಂದಿತ್ತು ಆಹ್ವಾನ. ಉತ್ತರವಾಗಿ ನೂರಾರು ಪುಸ್ತಿಕೆಗಳು ಬಂದವು. ಹಸ್ತಪ್ರತಿಯನ್ನು ಮೊದಲೇ ಓದಿದ್ದ ಟಿರೋಲ್‌ನ ಆಡಮ್ ಹಾಸ್ಲ್‌ಮಾಯರ್ 1612ರಲ್ಲೇ ಉತ್ತರ ಅಚ್ಚು ಹಾಕಿಸಿದ. ಪಾಪ, ಅವನಿಗೆ ಸಿಕ್ಕಿದ್ದು ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ.

1623ರಲ್ಲಿ ಪ್ಯಾರಿಸ್ಸಿನ ಗೋಡೆಗಳ ಮೇಲೆ ‘ಅದೃಶ್ಯ ಸೋದರರು ಊರಿಗೆ ಬಂದಿದ್ದಾರೆ’ ಎಂಬ ಭಿತ್ತಿಪತ್ರಗಳು ಕಂಡವು. ಆಗಷ್ಟೇ ಊರಿಗೆ ಮರಳಿದ್ದ ತತ್ವಜ್ಞಾನಿ ಡೆಕಾರ್ಟ್ ಮೇಲೂ ಗುಮಾನಿ. ಆತ ಎಲ್ಲರೆದುರು ಓಡಾಡಿ, ತಾನು ಅದೃಶ್ಯನಲ್ಲ ಎಂದು ತೋರಿಸಿಕೊಂಡನಂತೆ. ಅವನ ಜೀವನಚರಿತ್ರೆಕಾರ ಬಾಯೆ ಹೇಳುವ ಮಾತಿದು.

ಇಷ್ಟೆಲ್ಲ ಗದ್ದಲವಾದರೂ ಆ ಕಾಲದಲ್ಲಿ ಅಂಥ ಸಂಘವೊಂದು ನಿಜಕ್ಕೂ ಇತ್ತೆನ್ನಲು ಪುರಾವೆ ಸಿಕ್ಕಿಲ್ಲ. ಟ್ಯೂಬಿಂಗನ್‌ನ ಗೆಳೆಯರ ಬಳಗದ ಕೈವಾಡ ಎಂಬುದು ಬಹಳಷ್ಟು ವಿದ್ವಾಂಸರ ಅಂದಾಜು. ಆ ಬಳಗದ ಪಾದ್ರಿ ಯೋಹಾನ್ ವ್ಯಾಲೆಂಟಿನ್ ಆಂಡ್ರೆಯೆ, ಇದೇ ಸರಣಿಗೆ ಸೇರಿದ 1616ರ ಕೃತಿಯೊಂದು ತನ್ನದೆಂದು ಆತ್ಮಕಥೆಯಲ್ಲಿ ಒಪ್ಪಿ, ಅದನ್ನು ತಮಾಷೆಯೆಂದು ತಳ್ಳಿಹಾಕಿದ.

ತಮಾಷೆ ಅಲ್ಲಿಗೇ ನಿಲ್ಲಲಿಲ್ಲ. ಹದಿನೆಂಟನೇ ಶತಮಾನದಲ್ಲಿ ಇದೇ ಹೆಸರಿನಲ್ಲಿ ಕುಲುಮೆ ಹೊತ್ತಿಸಿ ರಸವಾದ ನಡೆಸುವ ನಿಜವಾದ ಸಂಘಗಳೇ ಹುಟ್ಟಿದವು. ಪ್ರಷ್ಯಾದ ದೊರೆ ಎರಡನೇ ಫ್ರೆಡ್ರಿಕ್ ವಿಲ್ಹೆಲ್ಮ್ ಅಂಥದೊಂದು ಸಂಘದ ಸದಸ್ಯ. ಅವನ ಮಂತ್ರಿ ವೋಲ್ನರ್ ಕೂಡ. ಧರ್ಮದ ಕುರಿತ ಬರಹಗಳಿಗಾಗಿ 1794ರಲ್ಲಿ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್‌ಗೆ ಹೋದ ಎಚ್ಚರಿಕೆಯ ರಾಜಾಜ್ಞೆಗೆ ಸಹಿ ಹಾಕಿದವನು ಇದೇ ವೋಲ್ನರ್.