ಸೆಕೆಗಾಲದಲ್ಲೂ ಎಂಜಿನ್‌ಗೆ ಚಳಿ!



ಬಜಾಜ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು, ಕಿಕ್ ಹೊಡೆದ ನೆನಪು ನಮ್ಮಲ್ಲಿ ಅನೇಕರಿಗೆ ಇದ್ದೇ ಇರುತ್ತದೆ. ಆ ಕಾಲದ ಕಾರ್ಬ್ಯುರೇಟರ್ ಹೊಸ ಕಾರುಗಳಿಂದ ಮಾಯವಾಗಿ ಎಷ್ಟೋ ವರ್ಷಗಳಾದವು. ಆದರೆ ಇಲ್ಲಿ ಅಮೆರಿಕದ ಫ್ಲೈಯಿಂಗ್ ಸ್ಕೂಲುಗಳ ಹಳೆಯ ಸೆಸ್ನಾ 172 ವಿಮಾನಗಳಲ್ಲಿ ಅದಿನ್ನೂ ಜೀವಂತ! ಈ ವಿಮಾನಕ್ಕೆ ಫ್ಯುಯೆಲ್ ಇಂಜೆಕ್ಷನ್ ಕಾಯಂ ಆಗಿ ಬಂದದ್ದು 1996ರಲ್ಲಿ ಉತ್ಪಾದನೆ ಮರುಆರಂಭವಾದಾಗ. ನಮ್ಮ ಮಕ್ಕಳು ಇಲ್ಲಿ 16ಕ್ಕೆ ಒಂಟಿಯಾಗಿ ಹಾರಬಹುದು, 17ಕ್ಕೆ ಲೈಸೆನ್ಸ್ ಪಡೆಯಬಹುದು. ಹಾಗಾಗಿ ಈ ಪುಟ್ಟ ಯಂತ್ರದ ಸ್ವಭಾವ ಅಪ್ಪ ಅಮ್ಮಂದಿರಿಗೂ ತಿಳಿದಿದ್ದರೆ ಒಳ್ಳೆಯದು.

ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಹೇಗೆ? ಹೊರಮೈಗೆ ಜಿನುಗಿದ ನೀರು ಆವಿಯಾಗುತ್ತಾ ಶಾಖವನ್ನು ಹೀರಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮಾಡುವುದೂ ಅದನ್ನೇ. ಜೊತೆಗೆ ಇಕ್ಕಟ್ಟಾದ ಕೊಳವೆಯಲ್ಲಿ ಗಾಳಿ ರಭಸವಾಗಿ ನುಗ್ಗುವಾಗ ಅದರ ಒತ್ತಡ, ಉಷ್ಣತೆ ಎರಡೂ ಇಳಿಯುತ್ತವೆ. ಒಟ್ಟಿನಲ್ಲಿ 33ರಿಂದ 39 ಡಿಗ್ರಿ ಸೆಲ್ಸಿಯಸ್‌ವರೆಗೂ ಕುಸಿತ ಆಗಬಹುದು. ಗಾಳಿಯಲ್ಲಿ ತೇವವಿದ್ದರೆ ಥ್ರಾಟಲ್ ಬಳಿ ಮಂಜುಗಡ್ಡೆ ಕಟ್ಟಿ ಎಂಜಿನ್‌ನ ಉಸಿರುಗಟ್ಟಿಸುತ್ತದೆ. 21 ಡಿಗ್ರಿಗಿಂತ ಕಡಿಮೆ ಉಷ್ಣತೆ, ಶೇಕಡಾ 80ಕ್ಕೂ ಹೆಚ್ಚು ತೇವಾಂಶ ಇರುವಾಗ ಅಪಾಯ ಹೆಚ್ಚು. ಮಳೆಗಾಲದ ನಮ್ಮ ಬೆಂಗಳೂರಿನ ಮುಂಜಾವಿನಂಥ ಹವೆ ಎನ್ನಿ! 38 ಡಿಗ್ರಿ ಸೆಕೆಯಲ್ಲೂ ಇದು ಆಗಬಹುದು ಎಂದರೆ ನಂಬುತ್ತೀರಾ?

ಸೆಸ್ನಾದಂಥ ವಿಮಾನದಲ್ಲಿ ಮೊದಲ ಸೂಚನೆ, ಪೈಲಟ್ ಏನೂ ಮುಟ್ಟದಿದ್ದರೂ ಆರ್‌ಪಿಎಂ ಮೆಲ್ಲಗೆ ಇಳಿಯುವುದು. ಇದಕ್ಕೆ ಮದ್ದು ‘ಕಾರ್ಬ್ ಹೀಟ್’ ಎಂಬ ಗುಂಡಿ. ಅದನ್ನು ಎಳೆದರೆ ಎಗ್ಸಾಸ್ಟ್ ಕೊಳವೆಯ ಸುತ್ತ ಬಿಸಿಯಾದ ಗಾಳಿ ಒಳಗೆ ಬರುತ್ತದೆ. ಅಸಲಿ ಪರೀಕ್ಷೆ ಈಗ! ಬಿಸಿಗಾಳಿಯಿಂದ ಆರ್‌ಪಿಎಂ ಇನ್ನಷ್ಟು ಇಳಿಯುತ್ತದೆ. ಕರಗಿದ ನೀರು ಒಳಗೆ ಹೋಗಿ ಎಂಜಿನ್ ಕೆಮ್ಮುತ್ತದೆ, ನಡುಗುತ್ತದೆ. ‘ಅಯ್ಯೋ, ಕೆಟ್ಟಿತು’ ಎಂದು ಗಾಬರಿಯಿಂದ ಗುಂಡಿಯನ್ನು ಮತ್ತೆ ಒಳಗೆ ತಳ್ಳಿದರೆ ಮಂಜು ಉಳಿದೇ ಹೋಯಿತು, ಎಂಜಿನ್ ನಿಂತೂ ಹೋಗಬಹುದು. ಪೂರ್ತಿ ಎಳೆದು, ಆರ್‌ಪಿಎಂ ಏರುವವರೆಗೂ ಕಾಯಬೇಕು. ಅರ್ಧಂಬರ್ಧ ಎಳೆಯುವುದೂ ಅಪಾಯವೇ. ನೆಲದ ಮೇಲೆ ಮಾತ್ರ ಅಗತ್ಯವಿದ್ದಷ್ಟೇ ಬಳಸಬೇಕು. ಆ ಗಾಳಿ ಫಿಲ್ಟರ್ ದಾಟಿ ಬರುವುದಿಲ್ಲ, ಧೂಳು ಒಳಗೆ ಸೇರುತ್ತದೆ.

ಇನ್ನು ಹೊಂದಾಣಿಕೆಯ ವಿಷಯ. 172ರಲ್ಲಿರುವ ಲೈಕಮಿಂಗ್ ಓ-320ರಂಥ ಎಂಜಿನ್ ಆರಿಸುವಾಗ ಮಿಕ್ಸ್‌ಚರ್ ಗುಂಡಿಯನ್ನು ನಿಧಾನವಾಗಿ ಎಳೆದು ಆರ್‌ಪಿಎಂ ಮುಳ್ಳನ್ನು ಗಮನಿಸಬೇಕು. ನಿಲ್ಲುವ ಮುನ್ನ ಅದು ಕ್ಷಣಕಾಲ ಸ್ವಲ್ಪ ಏರಬೇಕು. 50ಕ್ಕಿಂತ ಹೆಚ್ಚು ಏರಿದರೆ ಐಡಲ್ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ. ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಏರದೆ ನೇರವಾಗಿ ಇಳಿದರೆ ಪೆಟ್ರೋಲ್ ಕಡಿಮೆ. ಸರಿಪಡಿಸುವ ಸ್ಕ್ರೂ ತಿರುಗಿಸುವುದು ಮೆಕ್ಯಾನಿಕ್ ಕೆಲಸ. ಗಮನಿಸಿ ಬರೆದಿಡುವುದು, ಹಾರುವ ಮುನ್ನ ಇಂಧನದ ಮಾದರಿ ತೆಗೆದು ನೀರು ಸೇರಿದೆಯೇ ಎಂದು ನೋಡುವುದು ಪೈಲಟ್ ಕೆಲಸ.

ನಿಮ್ಮ ಮನೆಯಲ್ಲಿ ಹಾರಾಟ ಕಲಿಯುವ ಮಗನೋ ಮಗಳೋ ಇದ್ದರೆ ಇಂದು ಊಟಕ್ಕೆ ಕೂತಾಗ ಒಂದೇ ಪ್ರಶ್ನೆ ಕೇಳಿ: ‘ಕಾರ್ಬ್ ಹೀಟ್ ಎಳೆದ ಮೇಲೆ ಎಂಜಿನ್ ಇನ್ನೂ ಕೆಮ್ಮಿದರೆ ಏನು ಮಾಡ್ತೀಯ?’ ‘ಎಳೆದದ್ದನ್ನು ಹಾಗೇ ಬಿಡ್ತೀನಿ’ ಎಂಬ ಉತ್ತರ ತಡವರಿಸದೆ ಬಂದರೆ, ನೀವೂ ನೆಮ್ಮದಿಯಾಗಿ ಊಟ ಮಾಡಬಹುದು.